ಒಂದು ಒಳ್ಳೆ ಮಾತಿಗೆ ನಮಗ್ಯಾಕೆ ಇಷ್ಟು ಮುಜುಗರ?

ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ 62 ಜನ ಇದೀವಿ. ಥರ್ಡ್ ಸೆಮ್‌ನ ಮೊದಲ ಇಂಟರ್ನಲ್ಸ್ ಮುಗಿದ ಮೇಲೆ ಗಣಿತದ ಮಾರ್ಕ್ಸ್ ಲಿಸ್ಟ್ ಪಿಡಿಎಫ್ ಆಗಿ ಅದೇ ಗ್ರೂಪ್‌ಗೆ ಬಂತು. ಎಲ್ಲರೂ ಮೊದಲು ತಮ್ಮ ಯುಎಸ್‌ಎನ್ ಹುಡುಕಿಕೊಂಡರು, ಆಮೇಲೆ ಗೆಳೆಯರದ್ದು ನೋಡಿದರು, ಆಮೇಲೆ ಸುಮ್ಮನೆ ಕೆಳಗಿನ ತನಕ ಸ್ಕ್ರಾಲ್ ಮಾಡಿದರು. ಕೊನೆಯ ಆರು ಸಾಲು ಲ್ಯಾಟರಲ್ ಎಂಟ್ರಿಯವರದ್ದು. ಅದರಲ್ಲಿ ಒಂದರ ಮುಂದೆ 50ಕ್ಕೆ 7 ಅಂತ ಇತ್ತು. ಯಾರೋ ನಗುವ ಸ್ಟಿಕರ್ ಒಂದನ್ನು ಹಾಕಿದರು. ಅವನನ್ನು ನೋಡಿ ಹಾಕಿದ್ದಲ್ಲ, ತನ್ನದೇ ಮಾರ್ಕ್ಸ್‌ಗೆ ಹಾಕಿಕೊಂಡಿದ್ದು ಅಂತ ಆಮೇಲೆ ಗೊತ್ತಾಯ್ತು. ಆದರೆ ಆ ಸ್ಟಿಕರ್ ಯಾರಿಗೆ ಅಂತ ಅದರ ಮೇಲೆ ಬರೆದಿರಲ್ವಲ್ಲ.

ಮರುದಿನದಿಂದ ಆ 7ರ ಹುಡುಗ ಕ್ಲಾಸಿಗೆ ಬರಲಿಲ್ಲ. ಹನ್ನೊಂದು ದಿನ ಬರಲಿಲ್ಲ. ಆ ಹನ್ನೊಂದು ದಿನದಲ್ಲಿ ನಾವು 61 ಜನರಲ್ಲಿ ಒಬ್ಬರೂ ಅವನಿಗೆ ಫೋನ್ ಮಾಡಲಿಲ್ಲ.

ನಾವೇನು ಕಟುಕರಲ್ಲ. ಫ್ರೆಂಡ್‌ಗೆ ಆಕ್ಸಿಡೆಂಟ್ ಆದರೆ ರಾತ್ರಿ ಎರಡು ಗಂಟೆಗೂ ಆಸ್ಪತ್ರೆಗೆ ಓಡ್ತೀವಿ. ಹಾಗಿದ್ದೂ ಹೀಗ್ಯಾಕಾಯ್ತು ಅನ್ನೋ ಪ್ರಶ್ನೆ ತಲೆಯಲ್ಲಿ ಉಳಿದುಬಿಡ್ತು. ಅದಕ್ಕೇ ಸ್ವಲ್ಪ ಹುಡುಕಿ ಓದಿದೆವು. ಓದಿದ್ದನ್ನೂ ನಮ್ಮ ಕ್ಲಾಸಿನಲ್ಲಿ ಆದದ್ದನ್ನೂ ಸೇರಿಸಿ ಇಲ್ಲಿ ಬರೀತಾ ಇದೀವಿ. (ನಮ್ಮದು ಇಂಗ್ಲಿಷ್ ಮೀಡಿಯಂ ಕನ್ನಡ. ಒತ್ತಕ್ಷರ ಹೆಚ್ಚುಕಡಿಮೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಮೊದಲು, ಲ್ಯಾಟರಲ್ ಎಂಟ್ರಿ ಅಂದರೇನು ಅಂತ ಗೊತ್ತಿಲ್ಲದ ಫಸ್ಟ್ ಇಯರ್‌ನವರಿಗೆ ಎರಡು ಮಾತು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಗೆ ಹೋಗದೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಕೆಇಎ ನಡೆಸುವ ಡಿಸಿಇಟಿ ಬರೆದು, ನೇರವಾಗಿ ಎರಡನೇ ವರ್ಷಕ್ಕೆ ಸೇರುವವರು ಇವರು. ಇವರ ಕೌನ್ಸೆಲಿಂಗ್ ಮುಗಿಯೋ ಹೊತ್ತಿಗೆ ನಮಗೆ ಕ್ಲಾಸ್ ಶುರುವಾಗಿ ಮೂರು ವಾರ ಆಗಿತ್ತು. ಅಷ್ಟರಲ್ಲಿ ಬೆಂಚುಗಳೆಲ್ಲ ಹಂಚಿಹೋಗಿದ್ದವು, ಗ್ಯಾಂಗ್‌ಗಳು ಫಸ್ಟ್ ಇಯರ್‌ನಲ್ಲೇ ಆಗಿದ್ದವು. ಆರು ಜನ ಬಂದರು, ಕೊನೆ ಬೆಂಚಿನಲ್ಲಿ ಕೂತರು, ಮಧ್ಯಾಹ್ನ ತಾವು ತಾವೇ ಊಟಕ್ಕೆ ಹೋದರು. ನಾವು 'ಡಿಪ್ಲೊಮಾದವರು' ಅಂತ ಒಂದೇ ಹೆಸರಿಟ್ಟು ಮುಗಿಸಿದೆವು. ಅವರು ಎಂಜಿನಿಯರಿಂಗ್‌ನ ಮೊದಲ ವರ್ಷದ ಗಣಿತ ಓದಿರೋದಿಲ್ಲ. ಬಂದ ಕೂಡಲೇ ಲಾಪ್ಲಾಸ್ ಎದುರಾಗುತ್ತೆ. ಅದೂ ಇಂಗ್ಲಿಷಿನಲ್ಲಿ, ಮೂರು ವಾರ ತಡವಾಗಿ.

ಲ್ಯಾಬ್‌ನಲ್ಲಿ ಮಾತ್ರ ಕತೆ ಉಲ್ಟಾ. ನಮ್ಮ ಟೇಬಲ್‌ನಲ್ಲಿ ಒಬ್ಬರು ಕಡಿಮೆ ಇದ್ದರು ಅಂತ ಇವನನ್ನು ನಮ್ಮ ಬ್ಯಾಚ್‌ಗೆ ಹಾಕಿದರು. ಹಾವೇರಿ ಕಡೆಯ ಹುಡುಗ, ಮಾತು ಕಡಿಮೆ. ಅವತ್ತು ಬ್ರಿಡ್ಜ್ ರೆಕ್ಟಿಫೈಯರ್ ಇತ್ತು. ಇನ್‌ಪುಟ್ ಔಟ್‌ಪುಟ್ ಎರಡೂ ಒಟ್ಟಿಗೆ ಕಾಣಲಿ ಅಂತ ನಾವು ಸಿಆರ್‌ಒದ ಎರಡೂ ಪ್ರೋಬ್ ಸಿಕ್ಕಿಸಿದ್ವಿ. ಡಯೋಡ್ ಹೋಯ್ತು. ಇನ್ನೊಂದು ಹಾಕಿದ್ವಿ, ಅದೂ ಹೋಯ್ತು. ಬ್ರೆಡ್‌ಬೋರ್ಡ್ ಬದಲಾಯಿಸಿದ್ವಿ, ಟ್ರಾನ್ಸ್‌ಫಾರ್ಮರ್ ಬೈದ್ವಿ. ಇವನು ಹಿಂದೆ ನಿಂತು ನೋಡ್ತಿದ್ದವನು ಮೆಲ್ಲಗೆ ಒಂದು ಪ್ರೋಬ್‌ನ ಗ್ರೌಂಡ್ ಕ್ಲಿಪ್ ಕಿತ್ತ. ಸಿಆರ್‌ಒದ ಎರಡು ಚಾನೆಲ್‌ಗಳ ಗ್ರೌಂಡ್ ಒಳಗಡೆ ಒಂದೇ. ಬ್ರಿಡ್ಜ್‌ನಲ್ಲಿ ಇನ್‌ಪುಟ್‌ನ ತುದಿಯೂ ಔಟ್‌ಪುಟ್‌ನ ಗ್ರೌಂಡೂ ಒಂದೇ ಅಲ್ಲ. ಎರಡು ಕಡೆ ಕ್ಲಿಪ್ ಹಾಕಿದರೆ ಮಧ್ಯದ ಡಯೋಡ್ ಶಾರ್ಟ್ ಆಗಿ, ಪಕ್ಕದ ಡಯೋಡ್ ಮೇಲೆ ಎಲ್ಲಾ ಕರೆಂಟ್ ಬೀಳುತ್ತೆ. ಅವನಿಗೆ ಇದು ಪಾಲಿಟೆಕ್ನಿಕ್‌ನಲ್ಲಿ ಕೈ ಸುಟ್ಟುಕೊಂಡು ಬಂದ ವಿದ್ಯೆ. ನಮಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ಮೇಡಂ ಬಂದು ತಪ್ಪು ಹೇಗೆ ಹಿಡಿದಿರಿ ಅಂತ ಕೇಳಿದರು. ನಾವು ಇಂಗ್ಲಿಷಿನಲ್ಲಿ ಪಟಪಟ ಅಂತ ವಿವರಿಸಿ ಗುಡ್ ಅನ್ನಿಸಿಕೊಂಡ್ವಿ. ಅವನು ಪಕ್ಕದಲ್ಲೇ ನಿಂತಿದ್ದ. ಅವನ ಹೆಸರು ಹೇಳಬಾರದು ಅಂತೇನೂ ನಮ್ಮ ಮನಸ್ಸಿನಲ್ಲಿ ಇರಲಿಲ್ಲ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಲ್ಯಾಬ್ ಮುಗಿದ ಮೇಲೂ ಒಬ್ಬರೂ 'ಮಸ್ತ್ ಹಿಡಿದೆ ಕಣೋ' ಅನ್ನಲಿಲ್ಲ, ರೀಡಿಂಗ್ ಬರೆದುಕೊಂಡು ಚಹಾಕ್ಕೆ ಹೋದ್ವಿ. ಲೆಕ್ಕ ಹಾಕಿದರೆ, ಆ ಸೆಮ್‌ನಲ್ಲಿ ಅವನಿಗೆ ಚೆನ್ನಾಗಿ ಬಂದದ್ದನ್ನು ನಾಲ್ಕು ಜನ ನೋಡಿ ಸುಮ್ಮನಾದರು, ಬಾರದೇ ಇದ್ದದ್ದನ್ನು ಪಿಡಿಎಫ್‌ನಲ್ಲಿ 61 ಜನ ನೋಡಿದರು.

ಫೋನ್ ಮಾಡದೇ ಇದ್ದದ್ದಕ್ಕೆ ಬರೋಣ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ನ್ಯೂಯಾರ್ಕ್‌ನಲ್ಲಿ ಮಾಡಿದ ಪ್ರಯೋಗ ಪ್ರಕಟವಾಯ್ತು. ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನೇ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಇಂಟರ್‌ಕಾಮ್‌ನಲ್ಲಿ ಕಾಲೇಜು ಜೀವನದ ಕಷ್ಟಗಳ ಬಗ್ಗೆ ಮಾತಾಡಿ ಅಂದರು. ಹೌದು, ಅವರ ವಿಷಯವೂ ಅದೇ! ಮಾತಿನ ಮಧ್ಯೆ ಒಬ್ಬನಿಗೆ ಫಿಟ್ಸ್ ಬಂದಂತೆ ಕೇಳಿಸುತ್ತೆ (ಅದು ರೆಕಾರ್ಡ್ ಮಾಡಿದ ಧ್ವನಿ). ಕೇಳಿಸಿಕೊಳ್ತಿರೋದು ನಾನೊಬ್ಬನೇ ಅಂದುಕೊಂಡವರಲ್ಲಿ 100ಕ್ಕೆ 85 ಜನ ಅದು ಮುಗಿಯುವ ಮೊದಲೇ ಎದ್ದು ಹೋಗಿ ತಿಳಿಸಿದರು. ನನ್ನ ಜೊತೆ ಇನ್ನೂ ನಾಲ್ಕು ಜನ ಕೇಳ್ತಿದ್ದಾರೆ ಅಂದುಕೊಂಡವರಲ್ಲಿ ಹಾಗೆ ಎದ್ದವರು 31 ಮಾತ್ರ. ಎದ್ದು ಹೋಗದೇ ಇದ್ದವರು ಕಲ್ಲುಹೃದಯದವರಾಗಿರಲಿಲ್ಲ, ಕೋಣೆಯಲ್ಲಿ ಒದ್ದಾಡ್ತಿದ್ದರು, ಕೈ ನಡುಗ್ತಿತ್ತು. ಬೇರೆ ಯಾರಾದರೂ ಹೋಗಿರಬಹುದು ಅನ್ನೋದೊಂದೇ ಅವರನ್ನು ಕಟ್ಟಿಹಾಕಿದ್ದು.

ಈಗ ನಾಲ್ಕರ ಜಾಗದಲ್ಲಿ 60 ಹಾಕಿ ನೋಡಿ. ಅವನು ಬಂದಿಲ್ಲ ಅಂತ ನಮಗೆಲ್ಲ ಗೊತ್ತಿತ್ತು, ಅಟೆಂಡೆನ್ಸ್ ಕೂಗುವಾಗ ದಿನಾ ಒಂದು ನಂಬರ್‌ಗೆ ಉತ್ತರ ಬರ್ತಿರಲಿಲ್ಲ. ಡಿಪ್ಲೊಮಾದ ಉಳಿದ ಐವರು ವಿಚಾರಿಸಿರ್ತಾರೆ ಅಂತ ನಾವು ಅಂದುಕೊಂಡ್ವಿ. ಅವರಲ್ಲಿ ಮೂವರು ಪಿಜಿಯಲ್ಲಿದ್ದರು, ಇವನು ಹಾಸ್ಟೆಲ್. ಹಾಸ್ಟೆಲ್‌ನವರು ಕೇಳಿರ್ತಾರೆ ಅಂತ ಅವರು ಅಂದುಕೊಂಡರು. ಹಾಸ್ಟೆಲ್ ರೂಮ್‌ಮೇಟ್ ಬೇರೆ ಬ್ರಾಂಚ್, ಕ್ಲಾಸ್‌ನವರಿಗೆ ಗೊತ್ತಿರುತ್ತೆ ಅಂತ ಅವನು. ಹೀಗೆ ಒಂದು ಸುತ್ತು ಬಂದರೂ ಫೋನ್ ಮಾತ್ರ ಯಾರೂ ಎತ್ತಲಿಲ್ಲ. ಗ್ರೂಪ್ ದೊಡ್ಡದಾದಷ್ಟೂ ಕಾಳಜಿ ಜಾಸ್ತಿ ಆಗುತ್ತೆ ಅಂತ ನಮಗೆ ಅನ್ನಿಸುತ್ತೆ. ಆಗೋದು ಪಾಲು ಹಂಚಿಕೆ, ಒಬ್ಬೊಬ್ಬರಿಗೆ ಬರೋದು ಅರವತ್ತೊಂದನೇ ಒಂದು ಭಾಗ.

ಇದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ನಾಲಿಗೆಯದ್ದು. ಸ್ವಲ್ಪ ಯೋಚನೆ ಮಾಡಿ, ನಮ್ಮ ಮನೆಗಳಲ್ಲಿ ಎದುರಿಗೇ ಹೊಗಳೋ ಅಭ್ಯಾಸ ಎಷ್ಟಿದೆ? ಮಗು ಚೆನ್ನಾಗಿದೆ ಅಂದರೆ ದೃಷ್ಟಿ ಆಗುತ್ತೆ. ಮಾರ್ಕ್ಸ್ ಚೆನ್ನಾಗಿ ಬಂತು ಅಂದರೆ 'ಉಳಿದ ಎರಡು ಎಲ್ಲಿ ಹೋಯ್ತು' ಅಂತ ಕೇಳ್ತಾರೆ. ಜಾಸ್ತಿ ಹೊಗಳಿದರೆ ಅಟ್ಟಕ್ಕೇರಿಸ್ತಿದಾನೆ, ಏನೋ ಕೆಲಸ ಆಗಬೇಕಿದೆ ಅಂತ ಅನುಮಾನ. ಕನ್ನಡದಲ್ಲಿ ಸ್ನೇಹಿತರ ನಡುವೆ ಸಿಗೋ ಅತಿ ದೊಡ್ಡ ಪ್ರಶಸ್ತಿ ಯಾವುದು ಗೊತ್ತಾ? 'ಪರ್ವಾಗಿಲ್ವೋ ನೀನು!' ಅಕ್ಷರಕ್ಕೆ ಅಕ್ಷರ ಅರ್ಥ ಹುಡುಕಿದರೆ ಅದರಲ್ಲಿ ಹೊಗಳಿಕೆ ಏನೂ ಇಲ್ಲ. ಆದರೆ ಹುಬ್ಬು ಮೇಲೆತ್ತಿ ಅಂದರೆ ಕೇಳಿದವನಿಗೆ ಎರಡು ದಿನ ಸಾಕು. ಫ್ರೆಂಡ್‌ಗೆ ಥ್ಯಾಂಕ್ಸ್ ಅಂದರೆ 'ಲೋ ಏನಾಯ್ತೋ ನಿಂಗೆ' ಅಂತಾನೆ. ಇದನ್ನು ನಾವು ದೂರುತ್ತಾ ಇಲ್ಲ. ನಮ್ಮಲ್ಲಿ ಪ್ರೀತಿ 'ಊಟ ಆಯ್ತಾ' ಅನ್ನೋದರಲ್ಲಿ ಬರುತ್ತೆ, ಉಪ್ಪಿನಕಾಯಿ ಡಬ್ಬ ಮುಂದೆ ತಳ್ಳೋದರಲ್ಲಿ ಬರುತ್ತೆ. ತೊಂದರೆ ಏನಂದರೆ, ಅದು ಗೊತ್ತಿರೋರ ನಡುವೆ ಮಾತ್ರ ಓಡುವ ನಾಣ್ಯ. ಮೂರು ವಾರ ತಡವಾಗಿ ಬಂದು ಕೊನೆ ಬೆಂಚಿನಲ್ಲಿ ಕೂತವನ ತನಕ ಆ ಡಬ್ಬ ತಲುಪಲ್ಲ.

ಮುಜುಗರ ಬರೀ ನಮ್ಮದು ಅಂದುಕೊಂಡಿದ್ವಿ. ಅಲ್ಲ. ಎರಿಕಾ ಬೂತ್‌ಬಿ ಮತ್ತು ವನೆಸ್ಸಾ ಬಾನ್ಸ್ ಅನ್ನೋ ಅಮೆರಿಕದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಕೊಟ್ಟ ಕೆಲಸ ಇಷ್ಟೇ: ಅಪರಿಚಿತರೊಬ್ಬರ ಹತ್ತಿರ ಹೋಗಿ ಒಂದು ಮೆಚ್ಚುಗೆ ಹೇಳಿ ಬರಬೇಕು. ಹೋಗುವ ಮೊದಲು, ಅವರಿಗೆ ಎಷ್ಟು ಖುಷಿ ಆಗಬಹುದು, ಎಷ್ಟು ಕಿರಿಕಿರಿ ಆಗಬಹುದು ಅಂತ ಊಹಿಸಬೇಕು. ಊಹೆ ಎರಡರಲ್ಲೂ ತಪ್ಪಾಯ್ತು. ಕೇಳಿದವರಿಗೆ ಖುಷಿ ಊಹಿಸಿದ್ದಕ್ಕಿಂತ ಜಾಸ್ತಿ ಆಗಿತ್ತು, ಕಿರಿಕಿರಿ ಕಡಿಮೆ. ಮುಂದಿನ ವರ್ಷ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಪ್ರಕಟಿಸಿದ್ದರಲ್ಲೂ ಇದೇ ಬಂತು. ಶಿಕಾಗೋದ ಚಳಿಯಲ್ಲಿ, ಐಸ್ ಸ್ಕೇಟಿಂಗ್ ಜಾಗದಲ್ಲಿ, ತಮ್ಮ ಪಾಲಿನ ಬಿಸಿ ಚಾಕೊಲೇಟ್ ಕಪ್ಪನ್ನು ಗುರುತಿಲ್ಲದವರಿಗೆ ಕೊಡಿಸಿದರು. ಕೊಡುವವರ ತಲೆಯಲ್ಲಿ ಇರೋದು ಕಪ್ಪಿನ ಬೆಲೆ, ಇಷ್ಟಕ್ಕೆಲ್ಲ ಏನು ಮಹಾ ಅಂತ. ತಗೊಳ್ಳುವವರ ತಲೆಯಲ್ಲಿ ಇರೋದು ಇವರು ಯಾರೋ ನನಗೋಸ್ಕರ ಬಂದರಲ್ಲ ಅಂತ. ನಾವು ಹೇಗೆ ಹೇಳೋದು, ಏನು ಪದ ಬಳಸೋದು ಅಂತ ಒದ್ದಾಡ್ತಾ ಇರ್ತೀವಿ. ಎದುರಿನವರು ಪದಗಳ ಕ್ವಾಲಿಟಿ ಚೆಕ್ ಮಾಡ್ತಾ ಕೂತಿರಲ್ಲ.

ಹನ್ನೆರಡನೇ ದಿನ ನಮ್ಮ ಟೇಬಲ್‌ನ ಒಬ್ಬ ಅವನಿಗೆ ಫೋನ್ ಮಾಡಿದ. ದೊಡ್ಡ ಮನಸ್ಸಿನಿಂದ ಅಲ್ಲ, ಲ್ಯಾಬ್ ರೆಕಾರ್ಡ್ ಬುಕ್ ಅವನ ಹತ್ತಿರ ಉಳಿದಿತ್ತು, ಸೋಮವಾರ ಕರೆಕ್ಷನ್ ಇತ್ತು.

"ಲೋ, ಎಲ್ಲಿದೀಯಾ? ರೆಕಾರ್ಡ್ ಬೇಕಿತ್ತು."

"ಊರಾಗ ಅದೀನಿ. ರೂಮ್‌ನ್ಯಾಗ ಐತಿ ನೋಡು, ತಗೋ."

"ಯಾವಾಗ ಬರ್ತೀಯಾ?"

ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಇಲ್ಲ. ಆಮೇಲೆ, "ಬರಂಗಿಲ್ಲೋ ಇನ್ನ. ಅದು ನನ್ನ ಕೈಲೆ ಆಗೂದಲ್ಲ. ಇಲ್ಲೇ ಒಬ್ಬರು ಕಂಟ್ರಾಕ್ಟರ್ ಅದಾರ, ವೈರಿಂಗ್ ಕೆಲಸಕ್ಕ ಬಾ ಅಂದಾರ."

ಫೋನ್ ಮಾಡಿದವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟ: "ನೀನಿಲ್ದೆ ಎರಡು ವಾರದಿಂದ ನಮ್ಮ ಟೇಬಲ್‌ನಲ್ಲಿ ಒಂದು ವೇವ್‌ಫಾರ್ಮೂ ನೆಟ್ಟಗೆ ಬಂದಿಲ್ಲ ಮಾರಾಯ. ಮೊನ್ನೆ ಮತ್ತೆ ಡಯೋಡ್ ಸುಟ್ಟ್ವಿ. ಬಂದುಬಿಡು."

ಆ ಕಡೆ ನಗು ಕೇಳಿಸ್ತು. ಸೋಮವಾರ ಅವನು ಬಂದ. ಒಂದು ಫೋನ್‌ನಿಂದಲೇ ಬಂದ ಅಂತ ಬರೆದರೆ ಸಿನಿಮಾ ಆಗುತ್ತೆ. ಅವರಪ್ಪ ಕಟ್ಟಿದ ಫೀಸ್ ಇತ್ತು, ಅಕ್ಕ ಬೈದಿದ್ದರು, ಇನ್ನೂ ಏನೇನಿತ್ತೋ. ಆದರೆ ಅವನೇ ಆಮೇಲೆ ಹೇಳಿದ, ಬ್ಯಾಗ್ ತುಂಬುವಾಗ ತಲೆಯಲ್ಲಿ ಓಡ್ತಿದ್ದದ್ದು ಆ ಡಯೋಡ್ ಮಾತಂತೆ. 'ಧೈರ್ಯವಾಗಿರು, ನೀನು ಮಾಡ್ತೀಯಾ' ಅಂತ ಹೇಳಿದ್ದರೆ ಹ್ಞೂಂ ಅಂದು ಫೋನ್ ಇಡ್ತಿದ್ದನಂತೆ.

ಇದು ನಮಗೆ ಬಹಳ ಮುಖ್ಯ ಅನ್ನಿಸಿತು, ಯಾಕಂದರೆ ಪ್ರೋತ್ಸಾಹ ಅಂದರೆ ನಾವೆಲ್ಲ ಮಾಡೋದು ಆ ಎರಡನೇದನ್ನೇ. ಎಕ್ಸಾಮ್ ಹಿಂದಿನ ರಾತ್ರಿ 'ಆಲ್ ದ ಬೆಸ್ಟ್ ಗಾಯ್ಸ್' ಅಂತ ಒಂದು ಮೆಸೇಜ್, ಅದಕ್ಕೆ 40 ಹೆಬ್ಬೆಟ್ಟು. ಅದು ತಪ್ಪೇನಲ್ಲ, ಆದರೆ ಅದು ಯಾರಿಗೂ ಅಲ್ಲ. ಯಾರು ಯಾರಿಗೆ ಬೇಕಾದರೂ ಕಳಿಸಬಹುದಾದ ಮಾತು ನನಗೇ ಬಂತು ಅಂತ ಯಾರಿಗೂ ಅನ್ನಿಸಲ್ಲ.

ಎಲ್ಲಾ ಹೊಗಳಿಕೆಯೂ ಒಂದೇ ಅಲ್ಲ ಅನ್ನೋದಕ್ಕೆ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಪ್ರಸಿದ್ಧ. ಐದನೇ ಕ್ಲಾಸಿನ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು, ಕೆಲವರಿಗೆ 'ನೀನು ಬುದ್ಧಿವಂತ' ಅಂದರು, ಕೆಲವರಿಗೆ 'ಚೆನ್ನಾಗಿ ಕಷ್ಟಪಟ್ಟಿದೀಯಾ' ಅಂದರು. ಆಮೇಲೆ ಬೇಕಂತಲೇ ಕಷ್ಟದ ಲೆಕ್ಕ ಕೊಟ್ಟು ಸೋಲಿಸಿದರು. ಬುದ್ಧಿವಂತ ಅನ್ನಿಸಿಕೊಂಡವರು ಅದಾದ ಮೇಲೆ ಮೊದಲಿಗಿಂತ ಕಡಿಮೆ ಮಾಡಿದರು, ತಮ್ಮ ಸ್ಕೋರ್ ಬಗ್ಗೆ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ಪಿಯು ತನಕ ಟಾಪರ್ ಅನ್ನಿಸಿಕೊಂಡು ಇಲ್ಲಿ ಫಸ್ಟ್ ಸೆಮ್‌ನಲ್ಲಿ ಒಂದು ಬ್ಯಾಕ್ ಬಂದಾಗ ಮನೆಗೆ ಹೇಳದೆ ಮುಚ್ಚಿಟ್ಟವರು ನಮ್ಮಲ್ಲಿ ಎಷ್ಟು ಜನ ಇದೀವಿ ಅಂತ ಲೆಕ್ಕ ಹಾಕೋದು ಬೇಡ. (ಇಂಥ ಅಧ್ಯಯನಗಳ ಪರಿಣಾಮ ಆಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದಾಗ ಚಿಕ್ಕದಾಗಿ ಕಂಡಿದೆ. ಆದ್ದರಿಂದ ಮಂತ್ರ ಅಂತ ತಿಳಿಯಬೇಡಿ.)

2014ರಲ್ಲಿ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮತ್ತು ಜೊತೆಗಾರರು ಪ್ರಕಟಿಸಿದ್ದು ನಮಗೆ ಇನ್ನೂ ಹತ್ತಿರ ಅನ್ನಿಸಿತು. ಏಳನೇ ಕ್ಲಾಸಿನ ಮಕ್ಕಳ ಪ್ರಬಂಧವನ್ನು ಟೀಚರ್ ಚೆನ್ನಾಗಿ ತಿದ್ದಿ ವಾಪಸ್ ಕೊಡ್ತಾರೆ. ಅರ್ಧ ಮಕ್ಕಳ ಹಾಳೆಗೆ ಒಂದು ಚೀಟಿ ಅಂಟಿಸಿರುತ್ತೆ: ನಿನ್ನಿಂದ ದೊಡ್ಡ ನಿರೀಕ್ಷೆ ಇದೆ, ಅದನ್ನು ನೀನು ಮುಟ್ತೀಯಾ ಅಂತ ಗೊತ್ತಿರೋದರಿಂದಲೇ ಇಷ್ಟು ತಿದ್ದಿದ್ದು, ಅನ್ನೋ ಅರ್ಥದ್ದು. ಇನ್ನರ್ಧಕ್ಕೆ ಬರೀ ಇದು ನಿನ್ನ ಪ್ರಬಂಧದ ಬಗ್ಗೆ ಟಿಪ್ಪಣಿ ಅನ್ನೋ ಚೀಟಿ. ಮೊದಲ ಚೀಟಿ ಸಿಕ್ಕ ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ತಿದ್ದಿ ಬರೆದವರು ಜಾಸ್ತಿ. ಅದರಲ್ಲೂ, ಟೀಚರ್ ನಮ್ಮನ್ನು ಕೀಳಾಗಿ ನೋಡ್ತಾರೇನೋ ಅನ್ನೋ ಅನುಮಾನಕ್ಕೆ ಕಾರಣ ಇದ್ದ ಕಪ್ಪು ಮಕ್ಕಳಲ್ಲಿ ವ್ಯತ್ಯಾಸ ತುಂಬಾ ದೊಡ್ಡದಿತ್ತು. ಗಮನಿಸಿ, ಯಾರೂ ತಪ್ಪನ್ನು ಮುಚ್ಚಲಿಲ್ಲ. ಕೆಂಪು ಇಂಕ್ ಅಷ್ಟೇ ಇತ್ತು. ಅದು ಯಾಕೆ ಬಂತು ಅನ್ನೋದು ಗೊತ್ತಾಯ್ತು, ಅಷ್ಟೇ.

ಈ ಚೀಟಿಯ ಮಾತನ್ನು ಹಾಗೇ ಕನ್ನಡಕ್ಕೆ ತಂದು ನಮ್ಮ ಹುಡುಗನಿಗೆ ಹೇಳಿದರೆ ಬಿದ್ದು ಬಿದ್ದು ನಗ್ತಾನೆ. ಆದರೆ ಅದರ ಒಳಗಿನದ್ದನ್ನು ನಮ್ಮ ಬಾಯಲ್ಲಿ ಹೇಳಬಹುದು. 50ಕ್ಕೆ 7 ಬಂದವನಿಗೆ 'ಟೆನ್ಶನ್ ತಗೋಬೇಡ ಮಗಾ' ಅಂದರೆ ಉಪಯೋಗ ಇಲ್ಲ, ಅವನು ಆಗಲೇ ತಗೊಂಡಾಗಿದೆ. ಅವನ ಆನ್ಸರ್ ಬುಕ್‌ಲೆಟ್ ಕೂತು ನೋಡಿದಾಗ ಗೊತ್ತಾಯ್ತು, ಲಾಪ್ಲಾಸ್ ಅವನಿಗೆ ಅರ್ಥ ಆಗಿತ್ತು, ಇನ್ವರ್ಸ್ ಮಾಡುವಾಗ ಪಾರ್ಶಿಯಲ್ ಫ್ರಾಕ್ಷನ್‌ನಲ್ಲಿ ನಿಂತುಬಿಡ್ತಿದ್ದ. ಮೂರು ಲೆಕ್ಕ ಅದೇ ಜಾಗದಲ್ಲಿ ನಿಂತಿದ್ದವು. "ನಿಂಗೆ ಅಡ್ಡ ಬರ್ತಿರೋದು ಇದೊಂದೇ ಕಣೋ. ಇದು ದಾಟಿದ್ರೆ ಉಳಿದದ್ದು ನಿಂಗೆ ಬರುತ್ತೆ, ಇಲ್ನೋಡು, ಮೇಲಿನದ್ದೆಲ್ಲ ಸರಿ ಇದೆ" ಅಂದ್ವಿ. ಅವತ್ತು ಸಂಜೆ ಹಾಸ್ಟೆಲ್ ಮೆಸ್‌ನಲ್ಲಿ ನಾಲ್ಕು ಲೆಕ್ಕ ಮಾಡಿದ್ವಿ, ಕನ್ನಡದಲ್ಲೇ. ಹೇಳಿಕೊಡೋಕೆ ಹೋಗಿ ನಮಗೇ ಗೊತ್ತಾಗಿದ್ದು, ಎರಡು ಸ್ಟೆಪ್ ನಾವು ಅರ್ಥ ಆಗದೇ ಬಾಯಿಪಾಠ ಹೊಡೆದಿದ್ವಿ ಅಂತ.

ವಾಪಸ್ ಅವನು ನಮಗೆ ಲ್ಯಾಬ್ ಕಲಿಸಿದ. ಇದು ಇಲ್ಲದಿದ್ದರೆ ನಮ್ಮ ಸಂಜೆ ಕ್ಲಾಸ್ ಒಂದು ವಾರಕ್ಕೇ ನಿಲ್ಲುತ್ತಿತ್ತು ಅನ್ನೋದು ನಮ್ಮ ಅಭಿಪ್ರಾಯ. ಬರೀ ತಗೊಳ್ತಾ ಇರೋದು ಯಾರಿಗೂ ಹಿತವಲ್ಲ. ಪಾಪ ಅಂತ ಮಾಡಿದ್ದು ಎದುರಿನವರಿಗೆ ಪಾಪ ಅಂತಲೇ ಕೇಳಿಸುತ್ತೆ.

ಹುಮ್ಮಸ್ಸಿನಲ್ಲಿ ಒಂದು ಎಡವಟ್ಟೂ ಮಾಡಿದ್ವಿ. ಕ್ಲಾಸಿನಲ್ಲಿ ಒಂದು ಶೂ ಡಬ್ಬ ಇಟ್ಟು 'ಒಳ್ಳೆ ಮಾತಿನ ಡಬ್ಬಿ' ಅಂತ ಬರೆದ್ವಿ. ಯಾರ ಬಗ್ಗೆಯಾದರೂ ಒಳ್ಳೆಯದು ಅನ್ನಿಸಿದರೆ ಹೆಸರಿಲ್ಲದೆ ಚೀಟಿ ಹಾಕಿ ಅಂದ್ವಿ. ವಾರದ ಕೊನೆಗೆ 23 ಚೀಟಿ. ಅದರಲ್ಲಿ 11 ಒಬ್ಬಳೇ ಹುಡುಗಿಗೆ, ಅದೂ ಮೂರೇ ಕೈಬರಹದಲ್ಲಿ. ನಾಲ್ಕು ಸಿನಿಮಾ ಡೈಲಾಗ್. ಒಂದು ಬುಧವಾರದ ಬಿಸಿಬೇಳೆಬಾತ್‌ಗೆ, ಅದಕ್ಕೆ ನಮ್ಮದೂ ಸಹಮತ ಇದೆ. ಆ ಹುಡುಗಿ ಬಂದು ಡಬ್ಬ ತೆಗೀರಿ, ನನಗೆ ಹಿಂಸೆ ಆಗ್ತಿದೆ ಅಂದಳು. ಅವತ್ತೇ ತೆಗೆದ್ವಿ, ಕ್ಷಮೆನೂ ಕೇಳಿದ್ವಿ. ಹೆಸರು ಮುಚ್ಚಿಟ್ಟು ಹೇಳಿದರೆ ಮುಜುಗರ ಕಡಿಮೆ ಆಗುತ್ತೆ ಅನ್ನೋದು ನಮ್ಮ ಪ್ಲಾನ್ ಆಗಿತ್ತು. ಹೇಳೋರಿಗೆ ಕಡಿಮೆ ಆಯ್ತು, ಕೇಳೋರಿಗೆ ಜಾಸ್ತಿ ಆಯ್ತು.

ಸೀನಿಯರ್ಸ್ ಓದ್ತಿದ್ದರೆ ಒಂದು ಕೋರಿಕೆ. ಗ್ರೆಗರಿ ವಾಲ್ಟನ್ ಮತ್ತು ಕೋಹೆನ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜಿನ ಹೊಸ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಅನುಭವ ಓದಿಸಿದರು: ಇಲ್ಲಿ ನಾನು ಸೇರಿದವನಲ್ಲ ಅಂತ ಮೊದಲು ಎಲ್ಲರಿಗೂ ಅನ್ನಿಸುತ್ತೆ, ಬರಬರುತ್ತಾ ಹೋಗುತ್ತೆ, ಅಂತ. ಒಂದು ಗಂಟೆಯ ಕೆಲಸ. ಕಪ್ಪು ವಿದ್ಯಾರ್ಥಿಗಳ ಅಂಕಗಳಲ್ಲಿ ಅದರ ಪರಿಣಾಮ ಮೂರು ವರ್ಷ ಕಂಡಿತು. ನಮ್ಮಲ್ಲಿ ಸೀನಿಯರ್ಸ್ ಜೂನಿಯರ್ಸ್‌ಗೆ ಹೇಳೋದು ಪ್ಲೇಸ್‌ಮೆಂಟ್ ಪ್ಯಾಕೇಜ್ ಎಷ್ಟು ಅಂತ. ನಿಮಗೆ ಎಷ್ಟು ಬ್ಯಾಕ್ ಇತ್ತು, ಯಾವ ಸೆಮ್‌ನಲ್ಲಿ ಕ್ಲಿಯರ್ ಆಯ್ತು ಅನ್ನೋದನ್ನೂ ಹೇಳಿ. ರ‍್ಯಾಗಿಂಗ್ ಮಾಡಲ್ಲ ಅಂತ ಯುಜಿಸಿಯ 2009ರ ನಿಯಮದ ಪ್ರಕಾರ ನಾವೂ ಅಪ್ಪ ಅಮ್ಮನೂ ಮುಚ್ಚಳಿಕೆ ಬರೆದುಕೊಟ್ಟಿದೀವಿ. ಮಾತಾಡಿಸ್ತೀವಿ ಅಂತ ಯಾರೂ ಬರೆಸಿಕೊಂಡಿಲ್ಲ, ಅದು ನಾವೇ ಮಾಡಬೇಕಾದದ್ದು.

ಇನ್ನೊಂದು ಮಾತು ನೇರವಾಗಿ. ಯಾರಾದರೂ ಊಟ ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಅನ್ನೋ ರೀತಿ ಮಾತಾಡಿದರೆ ಡಯೋಡ್ ಜೋಕ್ ಸಾಲದು. ಅವರನ್ನು ಒಬ್ಬರನ್ನೇ ಬಿಡಬೇಡಿ, ವಾರ್ಡನ್‌ಗೋ ಮೆಂಟರ್‌ಗೋ ಮನೆಯವರಿಗೋ ಹೇಳಿ. 'ಯಾರಿಗೂ ಹೇಳಬೇಡ' ಅಂತ ಅವರು ಮಾತು ತಗೊಂಡಿದ್ದರೂ ಹೇಳಿ. ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ, ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಾವು ಗೆಳೆಯರು, ಡಾಕ್ಟರ್ ಅಲ್ಲ.

ನಮ್ಮ ಹುಡುಗ ಈಗ ಫೋರ್ತ್ ಸೆಮ್‌ನಲ್ಲಿ ಇದಾನೆ. ಥರ್ಡ್ ಸೆಮ್ ಗಣಿತ ಇನ್ನೂ ಕ್ಲಿಯರ್ ಆಗಿಲ್ಲ, ಮತ್ತೆ ಬರೀಬೇಕು. ಉಳಿದದ್ದೆಲ್ಲ ಪಾಸ್. ಇನ್ನು ಕೆಲವು ತಿಂಗಳಿಗೆ ನಮ್ಮ ಜೂನಿಯರ್ಸ್ ಎರಡನೇ ವರ್ಷಕ್ಕೆ ಬರ್ತಾರೆ, ಅವರ ಕ್ಲಾಸಿಗೂ ತಡವಾಗಿ ಆರೋ ಏಳೋ ಜನ ಡಿಪ್ಲೊಮಾದಿಂದ ಬರ್ತಾರೆ. ಅದಕ್ಕೆ ಎಚ್‌ಒಡಿ ಸರ್‌ಗೆ ಒಂದು ಅರ್ಜಿ ಕೊಟ್ಟಿದೀವಿ. ಎರಡೇ ವಿಷಯ: ಮಾರ್ಕ್ಸ್ ಲಿಸ್ಟ್ ಗ್ರೂಪ್‌ಗೆ ಹಾಕದೆ ಅವರವರಿಗೆ ಕಳಿಸಬೇಕು, ಲ್ಯಾಬ್ ಬ್ಯಾಚ್ ಮಾಡುವಾಗ ಹೊಸಬರನ್ನೆಲ್ಲ ಕೊನೆಯ ಒಂದೇ ಟೇಬಲ್‌ಗೆ ಹಾಕಬಾರದು. ಮೊದಲನೆಯದಕ್ಕೆ ಸರ್ ಒಪ್ಪಿದ್ದಾರೆ, ಎರಡನೆಯದನ್ನು ನೋಡೋಣ ಅಂದಿದ್ದಾರೆ. 62ರಲ್ಲಿ 41 ಜನ ಸಹಿ ಹಾಕಿದ್ದೀವಿ. ಅರ್ಜಿ ಬರೆದವನು ಅವನೇ, ನಮ್ಮ ಕನ್ನಡ ಇನ್ನೂ ಅಷ್ಟು ನೆಟ್ಟಗಾಗಿಲ್ಲ.